ಕೈಗಳ ಮೇಲೆ ಕೂತ ಬೆಳಗು

ಟಕ್. ಟಕ್.

ರೋಲೇಟರಿನ ಎರಡು ಬ್ರೇಕುಗಳನ್ನು ಒಂದಾದ ಮೇಲೊಂದು ಒತ್ತಿ ಲಾಕ್ ಮಾಡುವ ಸದ್ದು ಅದು. ಮೊದಲು ಎಡಗೈ, ಆಮೇಲೆ ಬಲಗೈ, ನಡುವೆ ಒಂದು ಉಸಿರಿನಷ್ಟು ತಡ. ನಮ್ಮ ವಾರ್ಡಿನಲ್ಲಿ ಆ ನಾಲ್ಕು ಚಕ್ರದ ಗಾಡಿಯನ್ನು ಹಿಡಿದು ನಡೆಯುವ ವಯಸ್ಸಾದವರಿಗೆ ಬರವಿರಲಿಲ್ಲ. ನಿಂತಾಗ ಬ್ರೇಕ್ ಹಾಕಿ ಎಂದು ಫಿಸಿಯೋದವರು ದಿನಾ ಹೇಳುತ್ತಿದ್ದರು, ದಿನಾ ಎಲ್ಲರೂ ಮರೆಯುತ್ತಿದ್ದರು. ಮರೆಯದಿದ್ದವರು ಒಬ್ಬರೇ. ಕಾರಿಡಾರಿನ ಆ ತುದಿಯಲ್ಲಿ ಸದ್ದಾದರೆ ಯಾರೆಂದು ನಾನು ತಲೆ ಎತ್ತಿ ನೋಡುತ್ತಿರಲಿಲ್ಲ.

ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಹಳದಿ ಟ್ರ್ಯಾಮುಗಳನ್ನು ಆಯುಷ್ಯವಿಡೀ ಓಡಿಸಿದ ಹೆಂಗಸು ಅವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮತ್ತೆ ನಡೆಯಲು ಕಲಿಯುವುದಕ್ಕೆ ನಮ್ಮ ವಾರ್ಡಿಗೆ ಬಂದಿದ್ದರು. ಮನಸ್ಸಿನಲ್ಲೇ ಅವರಿಗೆ ಟ್ರ್ಯಾಮಮ್ಮ ಎಂದು ಹೆಸರಿಟ್ಟಿದ್ದೆ. ಆ ಹೆಸರನ್ನು ಹೇಳಿ ನಗುವುದಕ್ಕೆ ಆ ಆಸ್ಪತ್ರೆಯಲ್ಲಿ ನನಗೆ ಯಾರೂ ಇರಲಿಲ್ಲ, ಕನ್ನಡ ಬಲ್ಲ ಒಬ್ಬ ಹುಡುಗಿ ಬರುವವರೆಗೆ.

ನಾನು ಅದೇ ವಾರ್ಡಿನಲ್ಲಿ ವೃದ್ಧರ ಡಾಕ್ಟರಾಗಿದ್ದು ರಿಟೈರ್ ಆದವಳು. ನನ್ನವರು ಹೋದ ಮೇಲಿನ ಚಳಿಗಾಲದಲ್ಲಿ, ಮೆಡಿಕಲ್ ಸ್ಟೂಡೆಂಟ್ಸ್‌ಗೆ ಜೀರಿಯಾಟ್ರಿಕ್ಸ್ ಕಲಿಸಲು ಗಂಟೆ ಲೆಕ್ಕದಲ್ಲಿ ಒಂದು ಟರ್ಮ್ ವಾಪಸ್ ಬರುತ್ತೀಯಾ ಎಂದು ಫೋನ್ ಬಂತು. ಯೋಚಿಸಿ ಹೇಳುತ್ತೇನೆ ಎಂದು ಬಾಯಿ ಹೇಳುವ ಮೊದಲೇ ಯೆಸ್ ಎಂದುಬಿಟ್ಟೆ. ಆ ವಾರ ನನ್ನೊಂದಿಗೆ ಮಾತಾಡಿದ್ದ ಏಕೈಕ ಧ್ವನಿ ಎಂದರೆ, ಹೆಲ್ತ್ ಸೆಂಟರಿಗೆ ಫೋನ್ ಮಾಡಿದಾಗ ನನ್ನ ಪರ್ಸನ್‌ನುಮ್ಮರ್, ಅಂದರೆ ಇಲ್ಲಿನ ಗುರುತಿನ ಸಂಖ್ಯೆ, ಒತ್ತಲು ಹೇಳಿದ ಮಷೀನಿನದು. ಮಗಳು ಕಾರ್ಲ್‌ಸ್ಕ್ರೂನಾದಲ್ಲಿದ್ದಾಳೆ, ಭಾನುವಾರ ಫೋನ್ ಮಾಡುತ್ತಾಳೆ. ಆಸ್ಪತ್ರೆಯ ಫೋನ್ ಬಂದದ್ದು ಗುರುವಾರ.

ಕೋರ್ಸ್‌ನ ಹೊಣೆ ಹೊತ್ತಿದ್ದ ಡಾಕ್ಟರ್ ನನ್ನ ಮಗಳ ವಯಸ್ಸಿನವಳು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ನೀನು, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಅವಳೂ ಹಾಗೇ ನೇರವಾಗಿ ಹೇಳಿದಳು.

“ಲೆಕ್ಚರ್‌ಗೆ ಯಾರೂ ಬರಲ್ಲ. ಬಂದೋರೂ ಮೊಬೈಲ್ ನೋಡ್ತಿರ್ತಾರೆ. ನೀನು ಪಾಠ ಹೇಳಬೇಡ. ಅವರೇ ಏನಾದರೂ ಮಾಡಿ ಕಲಿಯೋ ಹಾಗೆ ಮಾಡು.”

“ಮತ್ತೆ ನಾನೇನು ಮಾಡಲಿ?”

“ಆದಷ್ಟು ಕಡಿಮೆ,” ಎಂದು ನಕ್ಕಳು.

ನಾನು ಕಲಿತದ್ದು ನನ್‌ಗಳ ಕೈಯಲ್ಲಿ. ಪಿನ್-ಡ್ರಾಪ್ ಸೈಲೆನ್ಸ್, ಬೆನ್ನು ನೆಟ್ಟಗೆ, ಬೋರ್ಡಿನ ಮೇಲಿದ್ದದ್ದೆಲ್ಲ ಕಾಪಿ ಬುಕ್ಕಿಗೆ. ಆಕ್ಟಿವ್ ಲರ್ನಿಂಗ್ ಎಂದರೆ ನಮಗೆ ಇಂಪೊಸಿಷನ್ ಬರೆಯುವುದು. ಆದರೂ ಒಪ್ಪಿಕೊಂಡಾಗಿತ್ತು. ಮೊದಲ ವಾರ ಒಂದು ಕೇಸನ್ನು ಚೆನ್ನಾಗಿ ಬರೆದುಕೊಂಡು ಹೋದೆ: ಮನೆಯಲ್ಲಿ ಬಿದ್ದ ಅಜ್ಜಿ, ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆ, ಕಣ್ಣಿನ ಪೊರೆ. ಗುಂಪಿನಲ್ಲಿ ಚರ್ಚಿಸಿ ಬಿಡಿಸಿ ಎಂದೆ. ಅವರು ಸ್ವಲ್ಪವೂ ಗದ್ದಲವಿಲ್ಲದೆ, ಕ್ರಾಸ್‌ವರ್ಡ್ ತುಂಬಿದಂತೆ ತುಂಬಿ, ಕಾಫಿಗೆ ಹೋಗಬಹುದೇ ಎಂದು ಕೇಳಿದರು. ಆ ಅಜ್ಜಿಯ ಕಾಲು ನಡುಗುವುದನ್ನು ಅವರಲ್ಲಿ ಒಬ್ಬರೂ ನೋಡಿರಲಿಲ್ಲ, ಕಾಗದಕ್ಕೆ ಕಾಲಿಲ್ಲವಲ್ಲ.

ಮುಂದಿನ ವಾರ ಏಜಿಂಗ್ ಸೂಟ್ ತರಿಸಿದೆ. ಅದನ್ನು ತೊಟ್ಟರೆ ಮಂಡಿ ಮಡಚುವುದಿಲ್ಲ, ಕನ್ನಡಕ ಎಲ್ಲವನ್ನೂ ಹಳದಿ ಮಸುಕಾಗಿ ತೋರಿಸುತ್ತದೆ, ಕೈಗವಸಿನಿಂದ ಬೆರಳು ಮರಗಟ್ಟುತ್ತದೆ. ಒಬ್ಬೊಬ್ಬರಾಗಿ ತೊಟ್ಟು ಮೆಟ್ಟಿಲು ಹತ್ತಿದರು, ಬಿದ್ದುಬಿದ್ದು ನಕ್ಕರು, ಸೆಲ್ಫಿ ತೆಗೆದುಕೊಂಡರು. ಉತ್ತರದ ಕಡೆಯ ಒಬ್ಬ ಉದ್ದನೆಯ ಹುಡುಗ, ಹೌದು ಎನ್ನುವುದಕ್ಕೆ ಬಾಯಿ ತೆರೆಯದೆ ಶೂ ಎಂದು ಉಸಿರು ಒಳಗೆಳೆದುಕೊಳ್ಳುವವನು, ಸೂಟ್ ಬಿಚ್ಚುತ್ತಾ ಹೇಳಿದ: “ಈಗ ಗೊತ್ತಾಯ್ತು ನೋಡು, ವಯಸ್ಸಾಗೋದು ಅಂದ್ರೆ ಹೇಗಿರುತ್ತೆ ಅಂತ.”

ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಸೂಟಿಗೆ ಜಿಪ್ ಇಲ್ಲ ಕಣಪ್ಪಾ ಎಂದು ಹೇಳಬೇಕೆನಿಸಿತು. ಕನ್ನಡದಲ್ಲಿ ಹೇಳಬೇಕೆನಿಸಿತು. ಸುಮ್ಮನೆ ನಕ್ಕೆ.

ಸುಮ್ಮನೆ ನಗದೆ ನನ್ನ ಮುಖವನ್ನೇ ನೋಡಿದವಳು ಒಬ್ಬಳಿದ್ದಳು. ಎಸ್ಕಿಲ್‌ಸ್ಟುನಾದ ಹುಡುಗಿ. ತಂದೆ ಅಲ್ಲಿ ಎಂಜಿನಿಯರ್, ತಾಯಿ ಹುಬ್ಬಳ್ಳಿಯವರು. ಮೊದಲ ದಿನವೇ ನನ್ನ ಹೆಸರು ನೋಡಿ ಕನ್ನಡದವರು ಎಂದು ಗುರುತು ಹಿಡಿದಿದ್ದಳು. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯುವಾಗ ಇವಳಿಗೆ ಮಾತ್ರ ಆ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಎಲ್ಲರೆದುರು ಆಂಟಿ ಎನ್ನಲು ನಾಚಿಕೆ. ಹಾಗಾಗಿ ಏನನ್ನೂ ಕರೆಯದೆ, ನನ್ನೆದುರು ಬಂದು ನಿಂತು, ನಾನಾಗಿ ತಲೆ ಎತ್ತುವವರೆಗೆ ಕಾಯುತ್ತಿದ್ದಳು. ಪೂರ್ ಚೈಲ್ಡ್.

ಸೂಟನ್ನು ವಾಪಸ್ ಕಳಿಸಿದ ಮೇಲೆ ನಾನು ವಾರ್ಡಿನ ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಹೋದೆ. ರೋಗಿ ಮನೆಗೆ ಹೋದರೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲರೇ ಎಂದು ಅಳೆಯುವುದು ಅವಳ ಕೆಲಸ. ಅದಕ್ಕಾಗಿ ವಾರ್ಡಿನಲ್ಲೇ ಒಂದು ಪುಟ್ಟ ಅಡುಗೆಮನೆ ಇದೆ. ಅಲ್ಲಿ ರೋಗಿ ಕಾಫಿ ಮಾಡಿ, ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಳ್ಳಬೇಕು. ಈ ದೇಶದಲ್ಲಿ ತನ್ನ ಕಾಫಿ ತಾನು ಮಾಡಿಕೊಳ್ಳುವವರು ಒಬ್ಬರೇ ಬದುಕಬಲ್ಲರು ಎಂದು ನಂಬಿಕೆ. ಅದೇನೂ ಸಣ್ಣ ಪರೀಕ್ಷೆಯಲ್ಲ. ಏನಾದ ಮೇಲೆ ಏನು ಎಂಬ ನೆನಪು, ಕೈಯ ಹಿಡಿತ, ಕಣ್ಣು, ತಿರುಗುವಾಗಿನ ತೂಕ, ಬಿಸಿಯ ಮೇಲಿನ ಎಚ್ಚರ, ಎಲ್ಲವೂ ಒಂದು ಕಪ್ ಕಾಫಿಯಲ್ಲಿ ಬಂದುಬಿಡುತ್ತವೆ. ವಿದ್ಯಾರ್ಥಿಗಳು ಕೂತು ನೋಡಲಿ ಎಂದೆ. ಮಾತಾಡಬಾರದು, ಸಹಾಯ ಮಾಡಬಾರದು. ಅನಿಸಿದ್ದನ್ನಲ್ಲ, ಕಂಡದ್ದನ್ನು ಆಮೇಲೆ ಹೇಳಬೇಕು.

ಥೆರಪಿಸ್ಟ್ ಆರಿಸಿದ್ದು ಟ್ರ್ಯಾಮಮ್ಮನನ್ನು. ಮುಂದಿನ ಗುರುವಾರ ಅವರ ಮುಂದಿನ ವಾಸದ ಬಗ್ಗೆ ಕೊಮ್ಯೂನ್‌ನವರ ಜೊತೆ, ಅಂದರೆ ಊರಿನ ಆಡಳಿತದವರ ಜೊತೆ, ಮೀಟಿಂಗ್ ಇತ್ತು. ಹೇಗೂ ಪರೀಕ್ಷೆ ಮಾಡಲೇಬೇಕಿತ್ತು. ನಾನು ಅನುಮತಿ ಕೇಳಲು ಹೋದಾಗ ಅವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಕೆಳಗೆ ಹೋಗುವ ಟ್ರ್ಯಾಮನ್ನು ನೋಡುತ್ತಿದ್ದರು.

“ಇವನು ತಿರುವಿನಲ್ಲಿ ತುಂಬ ಜೋರು,” ಎಂದರು. ಆಮೇಲೆ, “ಮಕ್ಕಳು ನೋಡಲಿ ಬಿಡು. ಆದರೆ ಒಂದು ಮಾತು. ನಾನು ನನ್ನ ಮನೆಗೇ ಹೋಗಬೇಕು. ವಯಸ್ಸಾದವರ ಶಾರ್ಟ್-ಟರ್ಮ್ ಹೋಮಿಗೆ ಕಳಿಸಿದರೆ ಅಲ್ಲೇ ಉಳಿದುಬಿಡ್ತೀನಿ. ನಂಗೊತ್ತು. ನನ್ನ ಕೆಳಗಿನ ಮನೆಯವಳು ಹಾಗೇ ಹೋದಳು, ಸ್ವಲ್ಪ ದಿನಕ್ಕೆ ಅಂತ.”

ಅವರಿಗೆ ಮಕ್ಕಳಿರಲಿಲ್ಲ. ಇದ್ದದ್ದು ಆ ಮನೆ, ಅದರ ಅಡುಗೆಮನೆ, ಅದರ ಕಿಟಕಿಯಿಂದ ಕಾಣುವ ಒಂದು ಟ್ರ್ಯಾಮ್ ಸ್ಟಾಪ್.

ಕಿಟಕಿಯ ಹೊರಗೆ ಎರಡು ಟ್ರ್ಯಾಮುಗಳು ಎದುರುಬದುರಾದವು. ಇಬ್ಬರು ಡ್ರೈವರುಗಳೂ ಅಂಗೈ ಎತ್ತಿ ಇಳಿಸಿದ್ದು ಕಂಡಿತು.

“ನೋಡಿದೆಯಾ? ಎದುರಿಂದ ಬರೋರಿಗೆ ಕೈ ಎತ್ತಬೇಕು. ಬೀಸಬಾರದು, ಎತ್ತಬೇಕು ಅಷ್ಟೇ. ಬೀಸ್ತಾ ಕೂತರೆ ಬ್ರೇಕ್ ಹಿಡಿಯೋರು ಯಾರು?”

ಪರೀಕ್ಷೆಯ ದಿನ ಗೋಡೆಗೆ ಒರಗಿಸಿದ ಮೂರು ಕುರ್ಚಿಗಳಲ್ಲಿ ಉದ್ದನೆಯ ಹುಡುಗ, ಎಸ್ಕಿಲ್‌ಸ್ಟುನಾದ ಹುಡುಗಿ, ನಾನು. ಥೆರಪಿಸ್ಟ್ ಬಾಗಿಲ ಬಳಿ. ಟ್ರ್ಯಾಮಮ್ಮ ಬಂದರು. ಟಕ್, ಟಕ್. ಎರಡು ಕಪಾಟು ತೆರೆದು ಮುಚ್ಚಿದರು, ಫಿಲ್ಟರ್ ಪೇಪರ್ ಅಲ್ಲಿರಲಿಲ್ಲ. ಕಾಫಿ ಮಷೀನಿನ ಮುಚ್ಚಳ ಯಾವ ಕಡೆ ತೆರೆಯುತ್ತದೆ ಎಂದು ಬೆರಳಿನಿಂದ ಹುಡುಕಿದರು. ಆಮೇಲೆ ಗಾಜಿನ ಜಗ್ ಹಿಡಿದು ನಲ್ಲಿ ತಿರುಗಿಸಿದರು. ನೀರು ತುಂಬುತ್ತಾ ಹೋದಂತೆ ಮಣಿಕಟ್ಟು ನಡುಗತೊಡಗಿತು. ಜಗ್ಗಿನ ಅಂಚು ಸಿಂಕಿಗೆ ತಾಗಿ ಕಿಣಿಕಿಣಿ ಎಂದಿತು.

ಅಷ್ಟೇ. ಹುಡುಗಿ ಎದ್ದಾಗಿತ್ತು. “ಕೊಡು, ನಾನು ಮಾಡ್ತೀನಿ, ನೀನು ಕೂತ್ಕೋ,” ಎಂದು ಸ್ವೀಡಿಷ್‌ನಲ್ಲಿ ಹೇಳುತ್ತಲೇ ಜಗ್ ತೆಗೆದುಕೊಂಡು, ಇನ್ನೊಂದು ಕೈಯಿಂದ ಕುರ್ಚಿ ಎಳೆದು, ಮೆತ್ತಗೆ ತೋಳು ಹಿಡಿದು ಟ್ರ್ಯಾಮಮ್ಮನನ್ನು ಕೂರಿಸಿಬಿಟ್ಟಳು. ಫಿಲ್ಟರ್ ಹುಡುಕಿದಳು, ಪುಡಿ ಹಾಕಿದಳು, ಚೀಸ್ ಕೂಡ ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲೆ ಜೋಡಿಸಿದಳು. ಟ್ರ್ಯಾಮಮ್ಮ ತೊಡೆಯ ಮೇಲೆ ಕೈ ಇಟ್ಟುಕೊಂಡು, “ಥ್ಯಾಂಕ್ಸ್ ಪುಟ್ಟಾ,” ಎಂದರು. ಉದ್ದನೆಯ ಹುಡುಗ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದ. ಯಾಕೆಂದರೆ ನಾನೂ ಎದ್ದು ನಿಂತಿದ್ದೆ. ನನ್ನ ಕೈಯಲ್ಲಿ ಎರಡು ಕಪ್‌ಗಳಿದ್ದವು. ಯಾವಾಗ ಎತ್ತಿಕೊಂಡೆ ಎಂದು ನನಗೇ ತಿಳಿಯದು.

ನಮ್ಮಲ್ಲಿ ಬೆಳೆದ ಯಾವ ಹೆಣ್ಣುಮಗಳೂ, ಹಿರಿಯರೊಬ್ಬರು ನಡುಗುವ ಕೈಯಲ್ಲಿ ನೀರು ಹಿಡಿದಿರುವಾಗ ಕುರ್ಚಿಯಲ್ಲಿ ಕೂತಿರಲಾರಳು. ಬುದ್ಧಿ ಕೂರು ಎನ್ನುತ್ತದೆ, ಕಾಲು ಕೇಳುವುದಿಲ್ಲ.

ರೋಗಿ ಹೊರಟ ಮೇಲೆ ಥೆರಪಿಸ್ಟ್ ಪೆನ್ನಿನ ಕ್ಯಾಪ್ ಹಾಕಿದಳು. ಕೋಪ ಮಾಡಿಕೊಳ್ಳಲಿಲ್ಲ, ಈ ಜನ ಮಾಡಿಕೊಳ್ಳುವುದಿಲ್ಲ, ಅದು ಇನ್ನೂ ಕಷ್ಟ.

“ಈಗ ಗುರುವಾರ ನಾನು ಏನು ಹೇಳಲಿ? ನೋಡಿದ್ದನ್ನೇ ಹೇಳಬೇಕಲ್ಲ. ಫಿಲ್ಟರ್ ಸಿಗಲಿಲ್ಲ, ಜಗ್ ಹಿಡಿಯಕ್ಕೆ ಆಗಲಿಲ್ಲ, ಕೆಲಸ ಬೇರೆಯವರಿಗೆ ಬಿಟ್ಟುಕೊಟ್ಟಳು. ಇದನ್ನ ಕೇಳಿದರೆ ಕೊಮ್ಯೂನ್‌ನವರು ಶಾರ್ಟ್-ಟರ್ಮ್ ಹೋಮ್ ಅಂತಾರೆ.”

ಹುಡುಗಿ ಕಾರಿಡಾರಿನಲ್ಲಿ ಕೋಟುಗಳ ಗೂಟದ ಬಳಿ ಗೋಡೆ ನೋಡುತ್ತಾ ನಿಂತಿದ್ದಳು. ನಾನು ಹತ್ತಿರ ಹೋದಾಗ ಮೊದಲ ಸಲ ಕರೆದಳು.

“ಆಂಟಿ, ಸಾರಿ. ನಂಗೆ ಕೂತ್ಕೊಳೋಕೆ ಆಗ್ಲೇ ಇಲ್ಲ. ನಮ್ ನಾನಿ, ಅಮ್ಮನ ಅಮ್ಮ, ಹುಬ್ಬಳ್ಳಿಯಿಂದ ಬಂದಾಗ ಅವ್ರು ಎದ್ರೆ ಮನೇಲಿ ಎಲ್ರೂ ಏಳ್ತೀವಿ. ಒಂದ್ ಲೋಟ ಎತ್ತೋಕೂ ಬಿಡಲ್ಲ ಅವ್ರಿಗೆ.”

“ನಾನಿಗೆ ಅದು ಇಷ್ಟಾನಾ?”

“ಕೇಳಿಲ್ಲ ಆಂಟಿ. ಅವ್ರು ಸುಮ್ನೆ ಕೂತಿರ್ತಾರೆ. ಟಿವಿ ನೋಡ್ತಾರೆ.” ಆಮೇಲೆ ಕಣ್ಣು ಒರೆಸಿಕೊಂಡು, “ನೀವೂ ಎದ್ರಿ,” ಎಂದಳು.

“ಎದ್ದೆ. ಕಪ್ ಬೇರೆ ಹಿಡ್ಕೊಂಡಿದ್ದೆ.”

“ಎರಡೆರಡು!” ಎಂದು ಅಳುವಿನ ನಡುವೆಯೇ ನಕ್ಕಳು.

ಮಧ್ಯಾಹ್ನ ನಾನು ಟ್ರ್ಯಾಮಮ್ಮನ ಹಾಸಿಗೆಯ ಬಳಿ ಹೋಗಿ ಕೂತೆ. ಯಾಕೆ ಬಿಟ್ಟುಕೊಟ್ಟೆ ಎಂದು ಕೇಳಿದೆ.

“ಮಗು ಅಷ್ಟು ಪ್ರೀತಿಯಿಂದ ತಗೊಂಡಿತು, ಹೇಗೆ ಬೇಡ ಅನ್ನಲಿ?” ಎಂದರು. ಆಮೇಲೆ, “ಕೈಯಿಂದ ತಗೊಂಡ ಮೇಲೆ ಕೂತ್ಕೊಳ್ಳೋದು ಬಹಳ ಸುಲಭ. ಅದೇ ಭಯ. ನಾನು ಆರಾಮಾಗಿ ಕೂತುಬಿಟ್ಟೆ, ನೋಡಿದೆಯಲ್ಲ? ಆಮೇಲೆ ಇನ್ನೊಂದು. ಆ ಮಷೀನು ನನ್ನದಲ್ಲ. ನಾನು ಪಾತ್ರೆಯಲ್ಲಿ ಕುದಿಸೋಳು.”

ಮಷೀನು ನನ್ನದಲ್ಲ ಎಂಬ ಮಾತನ್ನು ಕೇಳಿಸಿಕೊಂಡೆ, ಆದರೆ ಅದು ತಲೆಯೊಳಗೆ ಇಳಿಯಲು ಭಾನುವಾರದವರೆಗೆ ಕಾಯಬೇಕಾಯಿತು.

ಆ ಭಾನುವಾರ ಊರಿನ ಕನ್ನಡದವರು ಯುಗಾದಿಗೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಎಲ್ಲ ಸಾಫ್ಟ್‌ವೇರಿನ ಚಿಕ್ಕ ವಯಸ್ಸಿನವರು, ಒಳ್ಳೆಯ ಮಕ್ಕಳು. ಹಾಲಿನ ಹಿಂದಿನ ಅಡುಗೆಮನೆಯಲ್ಲಿ ಹೋಳಿಗೆ ಬಿಸಿ ಮಾಡುವ ಗಲಾಟೆ, ನಗು, ತುಪ್ಪದ ವಾಸನೆ. ನಾನು ಸೆರಗು ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟೆನೋ ಇಲ್ಲವೋ, “ಅಯ್ಯೋ ಆಂಟಿ, ನೀವ್ಯಾಕೆ ಬಂದ್ರಿ? ಬನ್ನಿ, ಕೂತ್ಕೊಳಿ. ಏನ್ ಬೇಕು ಹೇಳಿ, ಅಲ್ಲಿಗೇ ತಂದ್ಕೊಡ್ತೀವಿ,” ಎಂದು ಇಬ್ಬರು ಸೊಸೆಯರ ಹಾಗೆ ತೋಳು ಹಿಡಿದು ಕರೆದುಕೊಂಡು ಹೋಗಿ ಮೂಲೆಯ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು.

“ಏನಾದ್ರೂ ಮಾಡ್ತೀನಮ್ಮ, ಕೈ ಸುಮ್ನಿರಲ್ಲ.”

“ರೆಸ್ಟ್ ಮಾಡಿ ಆಂಟಿ. ನಾವಿದೀವಲ್ಲ!”

ತಟ್ಟೆ ಬಂತು, ನೀರು ಬಂತು, ಒಂದು ಪುಟ್ಟ ಹುಡುಗಿ ಸ್ವೀಡಿಷ್‌ನಲ್ಲಿ ತಗೋ ಎಂದು ಪೇಪರ್ ನ್ಯಾಪ್ಕಿನ್ ಕೊಟ್ಟು ಓಡಿತು. ಎಲ್ಲರೂ ಬಂದು ಕಾಲು ಮುಟ್ಟಿ ಹೋದರು. ಬಂದವರು ಯಾರೂ ಕೂರಲಿಲ್ಲ. ಅಷ್ಟು ಮರ್ಯಾದೆಯ ನಡುವೆ, ಮಡಿಲಲ್ಲಿ ಬಿದ್ದಿದ್ದ ನನ್ನ ಕೈಗಳನ್ನು ನಾನೇ ನೋಡುತ್ತಿದ್ದೆ. ಸ್ವೀಡನ್ನಿನವರು ಕೇಳದ ಹೊರತು ಯಾರ ನೆರವಿಗೂ ಕೈ ಚಾಚುವುದಿಲ್ಲ, ನಾವು ಕೇಳುವ ಮೊದಲೇ ಕೈಯಿಂದ ಕಿತ್ತುಕೊಳ್ಳುತ್ತೇವೆ. ಎರಡರ ನಡುವೆ ಎಲ್ಲಿ ಕೂರಬೇಕೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತಾಗ ಟ್ರ್ಯಾಮಮ್ಮನ ಭಯ ಯಾವುದೆಂದು ಮೈಗೆ ಗೊತ್ತಾಯಿತು. ಕೂತಿರುವುದು ಸುಲಭವಾಗಿತ್ತು. ಹೋಳಿಗೆಯೂ ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಕಾನ್ವೆಂಟಿನ ನೀಡಲ್‌ವರ್ಕ್ ಸಿಸ್ಟರ್ ನೆನಪಾದರು. ನಮ್ಮ ಕ್ಲಾಸಿನಲ್ಲಿ ಒಬ್ಬಳು ತುಂಬ ನಿಧಾನ. ಅವಳ ದಾರ ಗಂಟಾದರೆ ಸುತ್ತ ಕೂತ ನಮಗೆಲ್ಲ ಚಡಪಡಿಕೆ, ಕಿತ್ತುಕೊಂಡು ಬಿಡಿಸಿಕೊಡಲು ಕೈ ಚಾಚುತ್ತಿದ್ದೆವು. ಸಿಸ್ಟರ್ ಬೆತ್ತದಿಂದ ಮೇಜು ತಟ್ಟಿ, “ಗರ್ಲ್ಸ್! ಸಿಟ್ ಆನ್ ಯುವರ್ ಹ್ಯಾಂಡ್ಸ್!” ಎನ್ನುತ್ತಿದ್ದರು. ನಾವು ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಬೆಂಚಿನ ಸಂದು ಅಂಗೈಗೆ ಒತ್ತುವವರೆಗೆ ಕೂತು ನೋಡುತ್ತಿದ್ದೆವು. ಅವಳೇ ಬಿಡಿಸುತ್ತಿದ್ದಳು. ಅದಕ್ಕೆ ಪಿರಿಯಡ್ ಮುಗಿಯುವಷ್ಟು ಹೊತ್ತು ಬೇಕಾಗುತ್ತಿತ್ತು, ಸಿಸ್ಟರ್ ಗಡಿಯಾರ ನೋಡುತ್ತಿರಲಿಲ್ಲ.

ವಾರ್ಡಿಗೆ ಹೋದವಳೇ ಥೆರಪಿಸ್ಟ್‌ಗೆ ಹೇಳಿದೆ: “ಇನ್ನೊಮ್ಮೆ ಮಾಡೋಣ. ಇಲ್ಲಿ ಬೇಡ. ಅವರ ಮನೆಯಲ್ಲಿ, ಅವರ ಪಾತ್ರೆಯಲ್ಲಿ.”

“ಬುಧವಾರ ಬೆಳಿಗ್ಗೆ ಮಾತ್ರ ಆಗುತ್ತೆ. ಫಿಸಿಯೋನ ಕರ್ಕೊಂಡು ಬರ್ತೀನಿ, ಬಿದ್ದರೆ ಹಿಡಿಯೋಕೆ ಅವನೊಬ್ಬ ಸಾಕು,” ಎಂದಳು. “ಅವಳನ್ನೂ ಕರೀತೀಯಾ? ಆ ಹುಡುಗೀನ?”

“ಅವಳಿಲ್ಲದೆ ಹೋಗಲ್ಲ.”

ಕೋರ್ಸಿನ ಡಾಕ್ಟರಿಗೆ ಇದು ಅಷ್ಟು ಹಿಡಿಸಲಿಲ್ಲ. ಇಬ್ಬರು ಸ್ಟೂಡೆಂಟ್‌ಗಳಿಗಾಗಿ ಒಂದು ಅರ್ಧ ದಿನವೇ, ಉಳಿದವರು ಏನು ಮಾಡಬೇಕು ಎಂದಳು. ಟೈಮ್‌ಟೇಬಲಿನಲ್ಲಿ ಹಾಗೇ ಉಳಿದಿದ್ದ ನನ್ನ ಲೆಕ್ಚರುಗಳನ್ನೆಲ್ಲ ರದ್ದು ಮಾಡು, ಆ ಗಂಟೆಗಳನ್ನು ಮನೆ ಭೇಟಿಗೆ ಕೊಡು, ಇಬ್ಬಿಬ್ಬರಾಗಿ ಎಲ್ಲರೂ ಹೋಗಲಿ ಎಂದೆ. ಲೆಕ್ಚರ್ ಎಂದರೆ ನನಗೆ ಜೀವ. ನಿಂತು ಮಾತಾಡುವುದು, ಎದುರಿಗೆ ಮುಖಗಳಿರುವುದು. ಆ ಟರ್ಮಿನಲ್ಲಿ ನನ್ನ ಮಾತು ಕೇಳುವ ಜನರಿದ್ದದ್ದೂ ಅಲ್ಲಿ ಮಾತ್ರ. ಆದರೂ ಹೇಳಿದೆ. ಅವಳು, “ಓಕೆ. ಕಡಿಮೆ ಮಾಡು ಅಂದಿದ್ದೆ, ಪೂರ್ತಿ ಬಿಟ್ಟುಬಿಟ್ಟೆಯಲ್ಲ,” ಎಂದಳು.

ಬುಧವಾರ. ಆ ಹಳೆಯ ಕಟ್ಟಡದ ಲಿಫ್ಟ್‌ನಲ್ಲಿ ರೋಲೇಟರ್ ಮತ್ತು ಒಬ್ಬರು ಮಾತ್ರ ಹಿಡಿಸುತ್ತಿದ್ದರು. ಟ್ರ್ಯಾಮಮ್ಮ ಒಬ್ಬರೇ ಮೇಲೆ ಹೋದರು, ನಾವು ಮೆಟ್ಟಿಲು ಹತ್ತಿದೆವು. ಅವರೇ ಬೀಗ ತೆಗೆದರು. ವಾರಗಟ್ಟಲೆ ಮುಚ್ಚಿದ್ದ ಮನೆಯ ವಾಸನೆ. ಹೊಸ್ತಿಲ ಮುಂದೆ ನಿಂತು ರೋಲೇಟರಿನ ಮುಂದಿನ ಚಕ್ರಗಳನ್ನು ಎತ್ತಿ ಆಚೆ ಇಟ್ಟರು. ನಾವೆಲ್ಲ ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಅಡುಗೆಮನೆಯ ಮರದ ಬೆಂಚಿನ ಮೇಲೆ ಸಾಲಾಗಿ ಕೂತೆವು. ಫಿಸಿಯೋ ಮಾತ್ರ ಸ್ಟೋವಿನ ಪಕ್ಕದಲ್ಲಿ, ಕೈ ಕಟ್ಟದೆ, ನಿಂತ.

“ಕೈ,” ಎಂದೆ ಕನ್ನಡದಲ್ಲಿ. ದಾರಿಯಲ್ಲೇ ನನ್ನಿಂದ ಸಿಸ್ಟರ್ ಕತೆ ಕೇಳಿದ್ದ ಹುಡುಗಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿದಳು. ಉದ್ದನೆಯ ಹುಡುಗ ನಮ್ಮಿಬ್ಬರನ್ನೂ ನೋಡಿ, ಅರ್ಥವಾಗದಿದ್ದರೂ, ತಾನೂ ಹಾಗೇ ಕೂತ. ನಾನೂ ಕೂತೆ.

ಟಕ್, ಟಕ್. ಅಡುಗೆಮನೆಯ ಬಾಗಿಲಲ್ಲೇ ಗಾಡಿ ನಿಲ್ಲಿಸಿಬಿಟ್ಟರು. ಥೆರಪಿಸ್ಟ್‌ನ ಹುಬ್ಬು ಮೇಲೇರಿತು. ಅಲ್ಲಿಂದ ಮುಂದೆ ಟ್ರ್ಯಾಮಮ್ಮ ಗಾಡಿಯಿಲ್ಲದೆ ಹೊರಟರು. ಎಡಗೈ ಮೇಜಿನ ಅಂಚಿಗೆ, ಅಲ್ಲಿಂದ ಡ್ರಾಯರಿನ ಹಿಡಿಗೆ, ಅಲ್ಲಿಂದ ಸ್ಟೋವಿನ ಮುಂದಿನ ಕಂಬಿಗೆ. ಒಂದನ್ನು ಬಿಡುವ ಮೊದಲು ಇನ್ನೊಂದನ್ನು ಹಿಡಿಯುತ್ತಾ, ಓಡುವ ಟ್ರ್ಯಾಮಿನೊಳಗೆ ಕಂಬ ಬದಲಿಸಿಕೊಂಡು ನಡೆದ ಹಾಗೆ. ಕಾಫಿ ಪಾತ್ರೆ ಸ್ಟೋವಿನ ಮೇಲೇ ಇತ್ತು. ಅದನ್ನು ಅವರು ಮುಟ್ಟಲಿಲ್ಲ. ನಲ್ಲಿಯ ಬಳಿ ಒಂದು ಹಿಡಿಯಿರುವ ಲೋಟ ತೆಗೆದುಕೊಂಡು, ಅರ್ಧ ನೀರು ಹಿಡಿದು, ಪಾತ್ರೆಗೆ ಹೊಯ್ದರು. ಮತ್ತೆ ನಲ್ಲಿ, ಮತ್ತೆ ಪಾತ್ರೆ. ಎಷ್ಟು ಸಲವೋ. ಆ ಕೋಣೆಯಲ್ಲಿ ನೀರಿನ ಸದ್ದು, ನಮ್ಮ ಪ್ಲಾಸ್ಟಿಕ್ ಚೀಲಗಳ ಸರಪರ, ಇಷ್ಟೇ. ನನ್ನ ಅಂಗೈಗೆ ಬೆಂಚಿನ ಸಂದು ಒತ್ತುತ್ತಿತ್ತು.

ಪುಡಿಯನ್ನು ಚಮಚದಲ್ಲಿ ನೀರಿಗೇ ಹಾಕಿದರು. ಫಿಲ್ಟರಿಲ್ಲ, ಮಷೀನಿಲ್ಲ. ಕುದಿದು ಮೇಲೆ ಬಂದಾಗ ಪಾತ್ರೆಯನ್ನು ಪಕ್ಕಕ್ಕೆ ಜಾರಿಸಿದರು, ಎತ್ತಲಿಲ್ಲ. ಚರಟ ಕೆಳಗೆ ಕೂರಲೆಂದು ಕಾಯುತ್ತಾ, ಕಪ್‌ಗಳಿಗಾಗಿ ತಲೆ ಎತ್ತಿ ಮೇಲಿನ ಶೆಲ್ಫಿಗೆ ಕೈ ಚಾಚಿದರು.

ಆಗ ವಾಲಿದರು.

ಹಿಂದಕ್ಕೆ, ಒಂದು ಕಡೆಗೆ. ಹುಡುಗಿಯ ಮೈಯೆಲ್ಲ ಬಿಗಿಯಾದದ್ದು ನನ್ನ ತೋಳಿಗೆ ತಾಗಿತು. ಫಿಸಿಯೋ ಒಂದು ಹೆಜ್ಜೆ ಮುಂದೆ ಬಂದ, ಮುಟ್ಟಲಿಲ್ಲ. ನನ್ನ ಕೈಗಳು ತೊಡೆಯ ಕೆಳಗೆ ಇದ್ದವು ಎಂಬುದೊಂದೇ ನನ್ನನ್ನು ಕೂರಿಸಿತ್ತು, ಮನಸ್ಸಂತೂ ಎದ್ದು ಹೋಗಿಯಾಗಿತ್ತು. ಟ್ರ್ಯಾಮಮ್ಮನ ಎಡಗೈ ಸ್ಟೋವಿನ ಕಂಬಿಯನ್ನು ಬಿಟ್ಟಿರಲಿಲ್ಲ. ಆ ಕೈ ಬಿಗಿಯಾಯಿತು, ಅವರು ಬೀಳದೆ ನಿಂತರು. ತಲೆ ತಗ್ಗಿಸಿ ಎರಡು ಉಸಿರು ತೆಗೆದುಕೊಂಡರು. ನಮ್ಮ ಕಡೆ ತಿರುಗದೆಯೇ ಹೇಳಿದರು:

“ಸಿಗ್ನಲ್ ಕೆಂಪಿತ್ತು. ಈಗ ಹಸಿರಾಯ್ತು.”

ಕಪ್‌ಗಳು ಒಂದೊಂದಾಗಿ ಮೇಜಿಗೆ ಬಂದವು. ಕಾಫಿಯನ್ನು ಚಿಕ್ಕ ಸೌಟಿನಿಂದ ಬಡಿಸಿದರು. ನಮ್ಮ ಅಜ್ಜಿ ಬಟ್ಟೆಯಲ್ಲಿ ಸೋಸುತ್ತಿದ್ದ ಕಾಫಿಗೆ ದೂರದ ನೆಂಟಸ್ತಿಕೆಯಿದ್ದ ಕಾಫಿ. ಹಾಲಿರಲಿಲ್ಲ. ಎಷ್ಟೋ ತಿಂಗಳ ನಂತರ, ಇನ್ನೊಬ್ಬರು ತಮ್ಮ ಮನೆಯಲ್ಲಿ ತಮ್ಮ ಕೈಯಾರೆ ನನಗೆಂದು ಮಾಡಿಕೊಟ್ಟದ್ದನ್ನು ಕುಡಿಯುತ್ತಿದ್ದೆ.

ಏನು ನೋಡಿದಿರಿ ಎಂದು ಅವರ ಮೇಜಿನ ಸುತ್ತಲೇ ಕೇಳಿದೆ. ತರಗತಿಯಲ್ಲಿ ಬಾಯಿ ಬಿಡದವರು ಒಬ್ಬರ ಮೇಲೊಬ್ಬರು ಮಾತಾಡಿದರು. ಎಲ್ಲೆಲ್ಲಿ ಹಿಡಿದುಕೊಂಡರು ಎಂದು ಉದ್ದನೆಯ ಹುಡುಗ ಎದ್ದು ತೋರಿಸಿದ. ಹುಡುಗಿ ಎಂದಳು, “ಪಾತ್ರೆ ಎತ್ತಲೇ ಇಲ್ಲ. ಎತ್ತಕ್ಕಾಗಲ್ಲ ಅಂತ ಮೊದಲೇ ಗೊತ್ತಿತ್ತು, ಅದಕ್ಕೆ ದಾರಿ ಮಾಡಿಕೊಂಡಿದ್ದಳು. ಅವತ್ತು ನಾನು ಜಗ್ ತಗೊಳ್ಳದೆ ಇದ್ದಿದ್ದರೆ ಅಲ್ಲೂ ಲೋಟ ಹುಡುಕ್ತಿದ್ದಳೇನೋ. ಅದನ್ನ ನಾನು ನೋಡಲೇ ಇಲ್ಲ.”

“ಹುಡುಕ್ತಿದ್ದೆ,” ಎಂದರು ಟ್ರ್ಯಾಮಮ್ಮ. “ನೀನು ತುಂಬ ಫಾಸ್ಟ್ ಪುಟ್ಟಾ.”

ಮತ್ತೆ ವಾಲಿದ್ದು? ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಬೇಕು ಎಂದು ಹುಡುಗಿಯೇ ಹೇಳಿದಳು. ಬೆಡ್‌ರೂಮಿನಲ್ಲಿ ನೋಡಿದರು. ನಿಂತಾಗ ಬಿ.ಪಿ. ತುಂಬ ಇಳಿಯುತ್ತಿತ್ತು. ಕಾಗದದ ಕೇಸಿನಲ್ಲಿ ಅವರು ಕ್ರಾಸ್‌ವರ್ಡಿನಂತೆ ತುಂಬಿದ್ದ ಉತ್ತರವೇ ಅದು, ಈಗ ಅದಕ್ಕೊಂದು ಮುಖವಿತ್ತು. ಬಿ.ಪಿ.ಯ ಒಂದು ಮಾತ್ರೆ ಕಡಿಮೆಯಾಯಿತು, ಮೇಲಿನ ಶೆಲ್ಫಿನ ಕಪ್‌ಗಳು ಕೆಳಗಿನ ಡ್ರಾಯರಿಗೆ ಬಂದವು. ಅವನ್ನು ಇಳಿಸಿದ್ದು ಹುಡುಗಿ, ಆದರೆ ಕೇಳಿದಳು: “ಇದನ್ನ ನಾನು ಮಾಡ್ಲಾ?” ಟ್ರ್ಯಾಮಮ್ಮ ಯೋಚಿಸಿ, “ಇದನ್ನ ಮಾಡು,” ಎಂದರು.

ಗುರುವಾರದ ಮೀಟಿಂಗಿನಲ್ಲಿ ಕೊಮ್ಯೂನ್‌ನ ಹೆಂಗಸು ಸ್ಕ್ರೀನಿನಲ್ಲಿದ್ದಳು. ಜಗ್ ಬಗ್ಗೆಯೂ ಥೆರಪಿಸ್ಟ್ ಮುಚ್ಚಿಡದೆ ಹೇಳಿದಳು, ಪಾತ್ರೆಯ ಬಗ್ಗೆಯೂ ಹೇಳಿದಳು. ವಾಲಿದ್ದನ್ನು ಉದ್ದನೆಯ ಹುಡುಗ ಹೇಳಿದ, ಯಾಕೆ ವಾಲಿದ್ದು, ಏನು ಬದಲಾಯಿಸಿದ್ದೇವೆ ಎಂಬುದನ್ನು ಹುಡುಗಿ ಹೇಳಿದಳು. ಕೊನೆಗೆ ಟ್ರ್ಯಾಮಮ್ಮನಿಗೆ ಏನು ಬೇಕು ಎಂದು ಕೇಳಿದಾಗ ಅವರು, “ಬೆಳಿಗ್ಗೆ ಸ್ನಾನಕ್ಕೆ ಯಾರಾದರೂ ಬರಲಿ. ಕಾಫಿಗೆ ಬೇಡ,” ಎಂದರು. ಸ್ನಾನಕ್ಕೆ ಮನೆಗೆ ಬರುವ ಸಹಾಯಕರು, ಕೊರಳಿಗೆ ಒಂದು ಅಲಾರಂ ಬಟನ್. ವಾರ ಕಳೆಯುವುದರೊಳಗೆ ಅವರು ಮನೆಗೆ ಹೋದರು. ಹೋಗುವ ಮೊದಲು ನನ್ನ ಕೈ ಹಿಡಿದು, “ಕಾಫಿಗೆ ಬಾ. ಕೆಲಸಕ್ಕಲ್ಲ,” ಎಂದಿದ್ದರು. ಟರ್ಮ್ ಮುಗಿಯಲಿ ಎಂದೆ. ಡಾಕ್ಟರ್ ಪೇಷಂಟಿನ ಮನೆಗೆ ಕಾಫಿಗೆ ಹೋಗುವ ಪದ್ಧತಿ ಇಲ್ಲಿಲ್ಲ.

ಟರ್ಮ್ ಮುಗಿಯಿತು. ಎಲ್ಲ ಗುಂಪುಗಳೂ ಮನೆಗಳಿಗೆ ಹೋಗಿ ಬಂದವು, ಎಲ್ಲರೂ ಕೈಗಳ ಮೇಲೆ ಕೂತರು. ಕೋರ್ಸಿನ ಡಾಕ್ಟರಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನ ಟರ್ಮಿನಿಂದ ಅದನ್ನು ಕಾಯಂ ಮಾಡಿದಳು, ಕಾಯಂ ಕೆಲಸದ ಒಬ್ಬ ಡಾಕ್ಟರಿಗೆ ವಹಿಸಿದಳು. ಅದು ಸರಿಯೇ. ನನಗೆ ಹಸಿರು ಮಾರ್ಝಿಪಾನ್ ಹೊದಿಸಿದ ಕೇಕ್ ಕತ್ತರಿಸಿ ಬೀಳ್ಕೊಟ್ಟರು, ಉಳಿದರ್ಧ ಕೇಕನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅದನ್ನು ಹಿಡಿದು ಹೊರಬಾಗಿಲಿಗೆ ಬಂದೆ. ಆ ಬಾಗಿಲು ಭಾರ. ಹಿಂದಿನಿಂದ ಓಡಿ ಬಂದ ಹುಡುಗಿ ಹಿಡಿಗೆ ಕೈ ಹಾಕಿದವಳು, ಸಟ್ಟನೆ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನೀವೇ ತೆಗೀರಿ ಆಂಟಿ.”

“ಕೇಕ್ ಹಿಡ್ಕೊಂಡಿದೀನಲ್ಲೇ!”

“ಹಾಗಾದ್ರೆ ಕೇಳಿ.”

“ತೆಗಿಯಮ್ಮ,” ಎಂದೆ. ನಗುತ್ತಾ ತೆಗೆದಳು. “ನಾನಿ ಬೇಸಿಗೆಗೆ ಬರ್ತಾರೆ. ರೊಟ್ಟಿ ಅವ್ರ ಹತ್ರಾನೇ ಮಾಡಿಸ್ತೀನಿ,” ಎಂದು ಹೇಳಿ ಒಳಗೆ ಓಡಿದಳು.

ಬೇಸಿಗೆಯಲ್ಲಿ ಎಷ್ಟೋ ಸಲ ಟ್ರ್ಯಾಮಮ್ಮನ ಬೀದಿಯವರೆಗೆ ಹೋಗಿ ಬಂದೆ. ಊರಿನಲ್ಲಾಗಿದ್ದರೆ ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದೆ. ಇಲ್ಲಿ ಮೊದಲು ಫೋನ್ ಮಾಡಬೇಕು, ದಿನ ಗೊತ್ತು ಮಾಡಬೇಕು. ಅವರ ನಂಬರ್ ಇದ್ದದ್ದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಅದನ್ನು ತೆರೆಯುವ ಕಾರ್ಡನ್ನು ಕೇಕಿನ ದಿನವೇ ಹಿಂತಿರುಗಿಸಿದ್ದೆ. ಕಿಟಕಿಯಲ್ಲಿ ದೀಪ ಇದೆಯೇ ಎಂದು ನೋಡಿ, ಇದೆ ಎಂದುಕೊಂಡು ವಾಪಸಾಗುತ್ತಿದ್ದೆ.

ಎಲೆ ಹಣ್ಣಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅವರ ಮನೆಯೆದುರಿನ ಟ್ರ್ಯಾಮ್ ಸ್ಟಾಪಿನಲ್ಲಿ ನಿಂತಿದ್ದೆ. ಆಚೆ ಬದಿಯ ಪ್ಲಾಟ್‌ಫಾರ್ಮಿನಲ್ಲಿ ಅವರು, ನೀಲಿ ಕೋಟು, ರೋಲೇಟರಿನ ಬುಟ್ಟಿಯಲ್ಲಿ ಹೂವಿನ ಕುಂಡ. ಕೂಗಬೇಕೆಂದು ಬಾಯಿ ತೆರೆದೆ, ಏನೆಂದು ಕೂಗಲಿ? ಅವರ ಹೆಸರು ನನ್ನ ಬಾಯಿಗೂ ಬರಲಿಲ್ಲ. ಅಷ್ಟರಲ್ಲಿ ಅವರ ಟ್ರ್ಯಾಮ್ ಬಂತು. ಅದರ ಗಾಜುಗಳ ಮೂಲಕ ಆಚೆ ಬಾಗಿಲು ಕಾಣುತ್ತಿತ್ತು. ರೋಲೇಟರಿನ ಮುಂದಿನ ಚಕ್ರ ಬಾಗಿಲ ಸಂದಿಗೆ ಸಿಕ್ಕಿತು. ಒಳಗೆ ಹೆಡ್‌ಫೋನ್ ಹಾಕಿ ನಿಂತಿದ್ದ ಒಬ್ಬ ಯುವಕ ನೋಡಿದ, ಅವರು ಸಹಾಯ ಕೇಳಲಿಲ್ಲ, ಅವನು ಅಲುಗಲಿಲ್ಲ. ನನ್ನ ಕೈಗಳು ಕೋಟಿನ ಜೇಬಿನಲ್ಲಿ ಮುಷ್ಟಿಯಾಗಿದ್ದವು. ಅವರು ಹಿಂದೆ ಎಳೆದರು, ಚಕ್ರವನ್ನು ಎತ್ತಿ ಒಳಗಿಟ್ಟರು, ಹತ್ತಿದರು.

ಸೀಟಿನಲ್ಲಿ ಕೂತ ಮೇಲೆ ಅವರ ಎಡಗೈ ಕೆಳಗೆ ಹೋಯಿತು, ಆಮೇಲೆ ಬಲಗೈ. ಗಾಜಿನಾಚೆಯ ಆ ಟಕ್ ಟಕ್ ಸದ್ದು ನನಗೆ ಕೇಳಲಿಲ್ಲ.

ಟ್ರ್ಯಾಮ್ ಹೊರಟಾಗ ಅವರು ಈ ಕಡೆ ತಿರುಗಿದರು. ನಾನು ಜೇಬಿನಿಂದ ಕೈ ತೆಗೆದು ಬೀಸಿದೆ, ಬೀಸುತ್ತಲೇ ಇದ್ದೆ. ಅವರು ಅಂಗೈಯನ್ನು ಒಮ್ಮೆ ಎತ್ತಿ, ಇಳಿಸಿದರು.